ವನ್ಸ್ ಮೋರ್ ಬಂತು, ಪ್ರಶಸ್ತಿ ಬರಲಿಲ್ಲ!

ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಲ್ಲಿ ಮಳೆ ಹಿಡಿದುಕೊಂಡರೆ ಮಾಡೋಕೆ ಎರಡೇ ಕೆಲಸ. ಒಂದು, ಕಾಫಿ ಕುಡಿಯೋದು. ಇನ್ನೊಂದು, ಸಿನಿಮಾ ವಿಷಯಕ್ಕೆ ಜಗಳ ಕಾಯೋದು. ಜುಲೈ ತಿಂಗಳ ಒಂದು ಮಧ್ಯಾಹ್ನ ಎರಡೂ ಒಟ್ಟಿಗೆ ನಡೆದಿತ್ತು. ಬಾಬಾಬುಡನ್‌ಗಿರಿ ಕಡೆ ಬೆಟ್ಟವೇ ಕಾಣದ ಹಾಗೆ ಮೋಡ ಮುಚ್ಚಿತ್ತು. ಬಸ್ಸು ಬರೋ ಲಕ್ಷಣ ಇರಲಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಪ್ರಶ್ನೆ ಎಸೆದ:

"ಅಣ್ಣಾವ್ರಿಗೆ ಅತ್ಯುತ್ತಮ ನಟ ಅಂತ ರಾಷ್ಟ್ರಪ್ರಶಸ್ತಿ ಎಷ್ಟು ಸಲ ಬಂದಿದೆ ಹೇಳ್ರೋ?"

ಒಬ್ಬ ಮೂರು ಅಂದ. ಇನ್ನೊಬ್ಬ ಐದು ಅಂದ. "ಒಂದು ಸಲವೂ ಇಲ್ಲ" ಅಂದೆ ನಾನು.

ಹೊಡೆಯೋಕೇ ಬಂದ್ರು! ಆಮೇಲೆ ಮೊಬೈಲ್ ತೆಗೆದು ನೋಡಿ ತೆಪ್ಪಗಾದರು. ಹೌದು ಮಿತ್ರರೇ, ನಮ್ಮ ನಟಸಾರ್ವಭೌಮನಿಗೆ ನಟನೆಗಾಗಿ ರಾಷ್ಟ್ರಪ್ರಶಸ್ತಿ ಬರಲೇ ಇಲ್ಲ. ಬಂದದ್ದು ಹಾಡಿದ್ದಕ್ಕೆ! 1992ರ 'ಜೀವನ ಚೈತ್ರ'ದಲ್ಲಿ ತೋಡಿ ರಾಗದ 'ನಾದಮಯ' ಗೀತೆ ಹಾಡಿದ್ದಕ್ಕೆ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ.

ಪಕ್ಕದ ಬೆಂಚಿನಲ್ಲಿ ನಮ್ಮ ಸೋದರಮಾವ ಕೂತಿದ್ದರು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು, ಕವರಿನ ತುಂಬ ಕಾಗದ. ಅಷ್ಟು ಹೊತ್ತು ಸುಮ್ಮನಿದ್ದವರು ಆಗ ಬಾಯಿ ತೆಗೆದರು:

"ನಾಟಕದೋರಿಗೆ ಬಹುಮಾನ ಯಾವತ್ತೂ ಪಕ್ಕದ ಮನೆ ಬಾಗಿಲಿಂದ್ಲೇ ಬರೋದು ಮಾರಾಯ. ಅದೂ ಬಂದ್ರೆ!"

ಆ ಮಾತು ತಲೇಲಿ ಕೂತುಬಿಟ್ಟಿತು. ಈ ಲೇಖನ ಹುಟ್ಟಿದ್ದೇ ಅಲ್ಲಿ.

ಮಾವ ಯಾರು?

ನಮ್ಮ ಮಾವ ಈಗ ಎಪ್ಪತ್ತು ದಾಟಿದವರು. ಮಲ್ಲಂದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರಾಗಿ ದುಡಿದು ಬಿಟ್ಟವರು. ಆಳುಗಳ ಹಾಜರಿ ಬರೆಯೋದು, ಹಣ್ಣು ಕೊಯ್ಲಿನ ಲೆಕ್ಕ ಇಡೋದು, ಕಣದಲ್ಲಿ ಒಣಗಿದ ಬೀಜಕ್ಕೆ ಕಾವಲು. ಆದರೆ ಅದಕ್ಕೂ ಮುಂಚೆ ಹದಿಮೂರು ವರ್ಷ ಅವರು ಒಂದು ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸಿದವರು. ದೊಡ್ಡ ಹೆಸರಿನ ಕಂಪನಿ ಏನಲ್ಲ. ಬೀರೂರು, ಕಡೂರು, ತರೀಕೆರೆ... ಬಯಲುಸೀಮೆ ಕಡೆ ಕ್ಯಾಂಪು ಹಾಕುತ್ತಿತ್ತು. ಮಳೆಗಾಲದಲ್ಲಿ ಮಲೆನಾಡಿಗೆ ಬಂದರೆ ಟೆಂಟು ನಿಲ್ಲಬೇಕಲ್ಲ?

ಕಂಪನಿ ನಾಟಕ ಅಂದರೆ ಹಾಡಿನ ನಾಟಕ. ನಮ್ಮ ವಯಸ್ಸಿನವರಿಗೆ ಇದು ಗೊತ್ತಿಲ್ಲ. ರಾಜ ಯುದ್ಧಕ್ಕೆ ಹೊರಟರೂ ಹಾಡು, ಸತ್ತು ಬೀಳುವಾಗಲೂ ಹಾಡು. ಜನಕ್ಕೆ ಹಿಡಿಸಿತೋ, "ವನ್ಸ್ ಮೋರ್!" ಅಂತ ಕೂಗು. ಸತ್ತು ಬಿದ್ದವನು ಎದ್ದು ನಿಂತು ಇನ್ನೊಂದು ಸಲ ಹಾಡಿ, ಮತ್ತೆ ಸಾಯಬೇಕು! ಊರಿನ ಸಾಹುಕಾರ್ರು ಖುಷಿಯಾದರೆ ವೇದಿಕೆ ಹತ್ತಿ ಬೆಳ್ಳಿ ಪದಕ ಕೊಡೋರು. ಅವತ್ತಿನ ರಂಗಭೂಮಿಯ ಪ್ರಶಸ್ತಿ ಸಮಾರಂಭ ಅದೇ. ಜ್ಯೂರಿ ಇಲ್ಲ, ಪತ್ರಿಕಾಗೋಷ್ಠಿ ಇಲ್ಲ.

ಸರ್ಕಾರದ ಪ್ರಶಸ್ತಿ ಬಂದದ್ದು ಆಮೇಲೆ. ಕಂಪನಿ ನಾಟಕದ ದೊರೆ ಗುಬ್ಬಿ ವೀರಣ್ಣನವರನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು 1891. ಹುಡುಗನಾಗಿದ್ದಾಗಲೇ ಬಣ್ಣ ಹಚ್ಚಿದವರು. 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದವರು. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಾಗ 1955. ಅಷ್ಟರಲ್ಲಿ ಅರವತ್ತು ದಾಟಿತ್ತು. ಪದ್ಮಶ್ರೀ ಬಂದದ್ದು 1972ರಲ್ಲಿ. ಅದೇ ವರ್ಷ ತೀರಿಕೊಂಡರು. ಈಗ ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಪ್ರಶಸ್ತಿ ಕೊಡುತ್ತದೆ. ಆದರೆ ಅವರ ಕಂಪನಿಯಲ್ಲಿ ಬೆಳೆದ ಹುಡುಗರಿಗೆ ಹೆಸರು ಬಂದದ್ದು ಎಲ್ಲಿಂದ? ಸಿನಿಮಾದಿಂದ. ಮಾವ ಹೇಳಿದ ಪಕ್ಕದ ಮನೆ ಬಾಗಿಲು ಅದು.

ಹಾಡುವವನಿಗೆ ಹಾಡು ಇಲ್ಲ!

ಆ ಹುಡುಗರಲ್ಲಿ ಒಬ್ಬ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ. ಅಪ್ಪನೂ ಗುಬ್ಬಿ ಕಂಪನಿಯ ನಟ. ಕಂಪನಿಯಲ್ಲಿ ಇದ್ದ ಮೇಲೆ ಹಾಡಲೇಬೇಕು. ಹಾಡು ಬಾರದವನಿಗೆ ದೊಡ್ಡ ಪಾರ್ಟು ಸಿಗೋ ಮಾತಿರಲಿಲ್ಲ. 1954ರಲ್ಲಿ 'ಬೇಡರ ಕಣ್ಣಪ್ಪ' ತೆರೆಕಂಡಿತು. ಮುತ್ತುರಾಜ ರಾಜ್‌ಕುಮಾರ್ ಆದರು. ಚಿತ್ರಕ್ಕೆ ರಾಷ್ಟ್ರಮಟ್ಟದ ಅರ್ಹತಾ ಪತ್ರವೂ ಬಂತು.

ಆದರೆ ತಮಾಷೆ ನೋಡಿ. ರಂಗದ ಮೇಲೆ ಎದೆ ತುಂಬಿ ಹಾಡುತ್ತಿದ್ದ ಈ ಕಲಾವಿದನಿಗೆ ಮೊದಲ ಚಿತ್ರದಲ್ಲೇ ಬೇರೆಯವರ ಕಂಠ! ಕಣ್ಣಪ್ಪನಿಗೆ ಹಾಡಿದವರು ಸಿ.ಎಸ್. ಜಯರಾಮನ್. ಆಮೇಲೆ ಪಿ.ಬಿ. ಶ್ರೀನಿವಾಸ್ ಬಂದರು. ಆ ಕಂಠ, ಈ ಮುಖ ಎರಡೂ ಎಷ್ಟು ಒಂದಾದವು ಅಂದರೆ ಯಾರು ಹಾಡುತ್ತಿದ್ದಾರೆ ಅಂತ ಜನ ಕೇಳೋದನ್ನೇ ಬಿಟ್ಟರು. ಆಗೊಂದು ಈಗೊಂದು ಹಾಡಿದ್ದು ಬಿಟ್ಟರೆ ಅಣ್ಣಾವ್ರು ಇಪ್ಪತ್ತು ವರ್ಷ ತುಟಿ ಆಡಿಸಿದರು.

1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಎಮ್ಮೆ ಮೇಲೆ ಕೂತು ಹಾಡುವ ಹಾಡು. ಸಂಗೀತ ಜಿ.ಕೆ. ವೆಂಕಟೇಶ್. ಹಾಡಿದವರು ಸ್ವತಃ ರಾಜ್! ಟಾಕೀಸಿನಲ್ಲಿ ನಾಣ್ಯದ ಮಳೆ. ನಮ್ಮ ಮಾವನಿಗೆ ಆ ಚಿತ್ರದ ಬಗ್ಗೆ ಇನ್ನೊಂದು ಹೆಮ್ಮೆ. ಅದು ಮೊದಲು ಪಿ.ಬಿ. ಧುತ್ತರಗಿಯವರ ನಾಟಕ. ಉತ್ತರ ಕರ್ನಾಟಕದ ಕಂಪನಿಗಳು ಆಡಿ ಆಡಿ ಗೆಲ್ಲಿಸಿದ ನಾಟಕ. "ನಾಟಕದೋನಿಗೆ ಅವನ ಹಾಡು ವಾಪಸ್ ಕೊಡ್ಸಿದ್ದೂ ನಾಟಕವೇ ಕಣೋ" ಅಂತಾರೆ ಮಾವ.

ಅಲ್ಲಿಂದ ಹದಿನೆಂಟು ವರ್ಷಕ್ಕೆ 'ಜೀವನ ಚೈತ್ರ'. ಅರವತ್ತು ದಾಟಿದ ಮೇಲೆ ರಾಷ್ಟ್ರಪ್ರಶಸ್ತಿ. ಗಮನಿಸಿ: ಅದೇ 1992ರ ಸಾಲಿನಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕಿ ಎಸ್. ಜಾನಕಿ. ರಾಜ್ ಜತೆ ಅಷ್ಟೊಂದು ಯುಗಳ ಗೀತೆ ಹಾಡಿದ ಅದೇ ಜಾನಕಮ್ಮ. ಆದರೆ ಪ್ರಶಸ್ತಿ ತಮಿಳಿನ 'ತೇವರ್ ಮಗನ್' ಹಾಡಿಗೆ. ಜಾನಕಿಯವರಿಗೆ ನಾಲ್ಕು ರಾಷ್ಟ್ರಪ್ರಶಸ್ತಿ ಬಂದಿವೆ. ತಮಿಳಿಗೆ ಎರಡು, ಮಲಯಾಳಕ್ಕೆ ಒಂದು, ತೆಲುಗಿಗೆ ಒಂದು. ಕನ್ನಡದ ಹಾಡಿಗೆ? ಸೊನ್ನೆ! 2013ರಲ್ಲಿ ಪದ್ಮಭೂಷಣ ಘೋಷಣೆಯಾದಾಗ ತೀರಾ ತಡವಾಯಿತು ಎಂದು ಜಾನಕಮ್ಮ ಬೇಡ ಅಂದುಬಿಟ್ಟರು.

ಮತ್ತೆ ಪಿ.ಬಿ.ಎಸ್.? ಅತ್ಯುತ್ತಮ ಗಾಯಕನಿಗೆ ರಾಷ್ಟ್ರಪ್ರಶಸ್ತಿ ಕೊಡೋಕೆ ಶುರುವಾದದ್ದು 1967ರ ಚಿತ್ರಗಳಿಂದ. ಆಗ ಅವರ ಕಂಠ ಉತ್ತುಂಗದಲ್ಲಿತ್ತು. 2013ರಲ್ಲಿ ಕಣ್ಣು ಮುಚ್ಚುವವರೆಗೂ ಆ ಪ್ರಶಸ್ತಿ ಅವರ ಮನೆ ಕಡೆ ತಲೆ ಹಾಕಲಿಲ್ಲ.

ಕಿಗ್ಗದ ಋಷಿ ತಂದ ಅಚ್ಚರಿ

ಈಗ ಅಚ್ಚರಿಯ ಗೆಲುವಿನ ಕಥೆಗೆ ಬರೋಣ. ಅದು 1976. ಆ ವರ್ಷ ರಾಜನ್-ನಾಗೇಂದ್ರ ಸಂಗೀತದ 'ಬಯಲು ದಾರಿ' ಬಂದಿತ್ತು, 'ನಾ ನಿನ್ನ ಮರೆಯಲಾರೆ' ಬಂದಿತ್ತು. ಇವತ್ತಿಗೂ ನಮ್ಮ ಕಳಸ ಬಸ್ಸಿನ ಡ್ರೈವರಣ್ಣ ಘಾಟಿ ಹತ್ತುವಾಗ ಹಾಕೋದು ಅವೇ ಹಾಡು. ರಾಷ್ಟ್ರಪ್ರಶಸ್ತಿ ಯಾರಿಗೆ ಬಂತು? 'ಋಷ್ಯಶೃಂಗ' ಅನ್ನೋ ಚಿತ್ರಕ್ಕೆ, ಬಿ.ವಿ. ಕಾರಂತರಿಗೆ!

ನಮ್ಮ ಜಿಲ್ಲೆಯವರಿಗೆ ಋಷ್ಯಶೃಂಗ ಗೊತ್ತಿಲ್ಲದ ಹೆಸರಲ್ಲ. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಗುಡಿ ಇದೆ. ಮಳೆ ಬೇಕಾದರೂ ಅವನೇ, ಮಳೆ ನಿಲ್ಲಬೇಕಾದರೂ ಅವನೇ. ಆ ಮಳೆಯ ಋಷಿಯ ಹೆಸರಿಟ್ಟುಕೊಂಡು ಚಂದ್ರಶೇಖರ ಕಂಬಾರರು ಬರಗಾಲದ ನಾಟಕ ಬರೆದರು. ಅದನ್ನೇ ವಿ.ಆರ್.ಕೆ. ಪ್ರಸಾದ್ ಚಿತ್ರ ಮಾಡಿದರು. ಸಂಗೀತ ಕೊಟ್ಟ ಕಾರಂತರು ಗಾಂಧಿನಗರದವರಲ್ಲ, ಅಪ್ಪಟ ರಂಗಭೂಮಿಯವರು. ಬಂಟ್ವಾಳ ತಾಲೂಕಿನ ಮಂಚಿಯ ಹುಡುಗ, ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು. ವೀರಣ್ಣನವರೇ ಓದೋಕೆ ಕಾಶಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಸಂಗೀತ ಕಲಿತರು. 'ಹಯವದನ', 'ಜೋಕುಮಾರಸ್ವಾಮಿ', 'ಸತ್ತವರ ನೆರಳು' ನಾಟಕಗಳ ಹಾಡು ಕನ್ನಡ ರಂಗದ ದಿಕ್ಕನ್ನೇ ಬದಲಾಯಿಸಿದವು.

ಮರುವರ್ಷ 1977. 'ಘಟಶ್ರಾದ್ಧ'. ಮಲೆನಾಡಿನ ಅಗ್ರಹಾರದ ಕಥೆ. ಡ್ಯುಯೆಟ್ ಇಲ್ಲ, ಕುಣಿತ ಇಲ್ಲ. ಮತ್ತೆ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ, ಮತ್ತೆ ಕಾರಂತರಿಗೆ! ಸತತ ಎರಡು ಸಲ. ಮೂರನೇ ವರ್ಷ, 1978ರ ಸಾಲಿನಲ್ಲಿ, ಇನ್ನೊಂದು ಪೆಟ್ಟು. ಶಿವಮೊಗ್ಗದ ವಕೀಲರೊಬ್ಬರು ಭಾವಗೀತೆ ಹಾಡಿಕೊಂಡಿದ್ದವರು, ಕಂಬಾರರ 'ಕಾಡು ಕುದುರೆ'ಯ ಶೀರ್ಷಿಕೆ ಗೀತೆ ಹಾಡಿ ಅತ್ಯುತ್ತಮ ಹಿನ್ನೆಲೆ ಗಾಯಕರಾದರು. ಅವರೇ ಶಿವಮೊಗ್ಗ ಸುಬ್ಬಣ್ಣ. ಹಿಂದಿನ ವರ್ಷ ಅದೇ ಪ್ರಶಸ್ತಿ ಪಡೆದವರು ಮಹಮ್ಮದ್ ರಫಿ ಅಂದರೆ ಗೆಲುವು ಎಂಥದ್ದು ಅಂತ ಲೆಕ್ಕ ಹಾಕಿ.

ಬಸ್ ಸ್ಟ್ಯಾಂಡಿನ ಗೆಳೆಯರಿಗೆ ಇದು ಅನ್ಯಾಯ ಅನ್ನಿಸಿತು. "ಋಷ್ಯಶೃಂಗದ ಒಂದು ಹಾಡು ಗುನುಗು ನೋಡೋಣ" ಅಂದರು. ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. "ರಾಜನ್-ನಾಗೇಂದ್ರ ಬೇಕಾ?" ಅಂದರೆ ಹತ್ತು ಹಾಡು ಬಂತು. ಮೈಸೂರಿನ ಈ ಅಣ್ಣ-ತಮ್ಮಂದಿರ ಅಪ್ಪ ರಾಜಪ್ಪನವರು ಮೂಕಿಚಿತ್ರಗಳ ಕಾಲದಲ್ಲಿ ಪರದೆ ಮುಂದೆ ಕೂತು ವಾದ್ಯ ನುಡಿಸಿದವರಂತೆ. 1950ರ ದಶಕದಿಂದ ಚಿತ್ರರಸಿಕರಿಗೆ ಹಾಡು ಉಣಬಡಿಸಿದರೂ ಇವರಿಗೆ ಒಂದೇ ಒಂದು ರಾಷ್ಟ್ರಪ್ರಶಸ್ತಿ ಸಿಗಲಿಲ್ಲ.

ನಾನು ಮಾವನ ಕಡೆ ತಿರುಗಿದೆ. ಅವರು ಪಕ್ಷಪಾತ ಮಾಡಲಿಲ್ಲ.

"ಕಾರಂತರು ದೊಡ್ಡೋರು. ಅವರಿಗೆ ಬಂದಿದ್ದು ಸರಿ. ಇವರಿಗೆ ಬರದೇ ಇದ್ದಿದ್ದು ತಪ್ಪು. ಎರಡೂ ನಿಜ. ಒಂದು ಕುರ್ಚಿ ಇಟ್ಟು ಇಬ್ರನ್ನ ಕರೆದ್ರೆ ಎಂತ ಆಗ್ತದೆ? ಒಬ್ಬ ನಿಂತೇ ಇರ್ಬೇಕು."

ದೂರದ ಬೆಟ್ಟವೂ ನುಣ್ಣಗಿಲ್ಲ!

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಂಡರೆ ಅದೂ ತಪ್ಪು. ಅಮೆರಿಕದ ನ್ಯೂಯಾರ್ಕಿನಲ್ಲಿ ಬ್ರಾಡ್‌ವೇ ಅಂತ ನಾಟಕದ ಬೀದಿ ಇದೆ. ಹಾಡಿನ ನಾಟಕಗಳೇ ಅಲ್ಲಿನ ರಾಜ. ಅವಕ್ಕೆ 1947ರಿಂದ ಟೋನಿ ಅಂತ ಪ್ರಶಸ್ತಿ. ನಮ್ಮ ಕಂಪನಿ ನಾಟಕಕ್ಕೆ ಆಸ್ಕರ್ ಇದ್ದಿದ್ದರೆ ಹೇಗೋ ಹಾಗೆ.

1958ರಲ್ಲಿ 'ವೆಸ್ಟ್ ಸೈಡ್ ಸ್ಟೋರಿ' ಸ್ಪರ್ಧೆಯಲ್ಲಿತ್ತು. ಗೆದ್ದದ್ದು 'ದಿ ಮ್ಯೂಸಿಕ್ ಮ್ಯಾನ್'. ಆಮೇಲೆ 'ವೆಸ್ಟ್ ಸೈಡ್ ಸ್ಟೋರಿ' 1961ರಲ್ಲಿ ಸಿನಿಮಾ ಆಯಿತು. ಹತ್ತು ಆಸ್ಕರ್ ಬಾಚಿತು! 1976ರಲ್ಲಿ 'ಚಿಕಾಗೋ' ನಾಟಕ ಹನ್ನೊಂದು ವಿಭಾಗದಲ್ಲಿ ನಾಮಕರಣಗೊಂಡು ಒಂದೂ ಗೆಲ್ಲಲಿಲ್ಲ. 'ಎ ಕೋರಸ್ ಲೈನ್' ಒಂಬತ್ತು ಹೊತ್ತುಕೊಂಡು ಹೋಯಿತು. ಕಾಲಚಕ್ರ ನೋಡಿ! 'ಗಾಂಧಿ' ತೆಗೆದ ಅಟೆನ್‌ಬರೋ 1985ರಲ್ಲಿ 'ಕೋರಸ್ ಲೈನ್' ಅನ್ನು ಚಿತ್ರ ಮಾಡಿದರು, ಆಸ್ಕರ್ ಒಂದೂ ಬರಲಿಲ್ಲ. 2002ರಲ್ಲಿ 'ಚಿಕಾಗೋ' ಚಿತ್ರವಾಯಿತು, ಅತ್ಯುತ್ತಮ ಚಿತ್ರವೂ ಸೇರಿ ಆರು ಆಸ್ಕರ್!

ಜೂಲಿ ಆಂಡ್ರ್ಯೂಸ್ ಕಥೆ ಇನ್ನೂ ಮಜಾ. 'ಮೈ ಫೇರ್ ಲೇಡಿ' ನಾಟಕವನ್ನು ಹಾಡಿ ಗೆಲ್ಲಿಸಿದಾಕೆ. 1957ರಲ್ಲಿ ನಾಟಕಕ್ಕೆ ಟೋನಿ ಬಂತು, ನಾಯಕನಿಗೆ ಬಂತು, ಈಕೆಗೆ ಬರಲಿಲ್ಲ. ಸಿನಿಮಾ ಮಾಡಿದಾಗ ಪಾತ್ರವೇ ಕೈ ತಪ್ಪಿ ಆಡ್ರಿ ಹೆಪ್‌ಬರ್ನ್ ಪಾಲಾಯಿತು. ಆಡ್ರಿಗೆ ಹೆಚ್ಚಿನ ಹಾಡು ಹಾಡಿದ್ದು ಮಾರ್ನಿ ನಿಕ್ಸನ್ ಎಂಬ ಹಿನ್ನೆಲೆ ಗಾಯಕಿ! ಕೊನೆಗೆ ಆಡ್ರಿಗೆ ಆಸ್ಕರ್ ನಾಮಕರಣವೂ ಸಿಗಲಿಲ್ಲ. ಅದೇ ವರ್ಷ 'ಮೇರಿ ಪಾಪಿನ್ಸ್' ಚಿತ್ರಕ್ಕೆ ಜೂಲಿಗೇ ಆಸ್ಕರ್! 1996ರಲ್ಲಿ 'ವಿಕ್ಟರ್/ವಿಕ್ಟೋರಿಯಾ' ನಾಟಕದ ಇಡೀ ತಂಡದಲ್ಲಿ ಈಕೆಯೊಬ್ಬಳೇ ಟೋನಿಗೆ ನಾಮಕರಣಗೊಂಡಳು. ನನ್ನ ತಂಡವನ್ನು ಬಿಟ್ಟು ನನಗೊಬ್ಬಳಿಗೆ ಬೇಡ ಅಂತ ರಂಗದ ಮೇಲಿಂದಲೇ ಹೇಳಿಬಿಟ್ಟಳು.

ಈ ಕಥೆಗಳಿಂದ ಒಂದು ವಿಷಯ ತಿಳಿಯುತ್ತದೆ. ಸೋತ ನಾಟಕ ಬದುಕಿ ಉಳಿದದ್ದು ಅದರ ಪುಸ್ತಕ, ಅದರ ಸ್ವರಲಿಪಿ, ಅದರ ರೆಕಾರ್ಡು ಉಳಿದದ್ದರಿಂದ. ಜ್ಯೂರಿ ತಪ್ಪು ಮಾಡಿದರೂ ತಿದ್ದುವುದಕ್ಕೆ ಕಾಲಕ್ಕೆ ಏನಾದರೂ ಸಿಕ್ಕಿತು.

ನಮ್ಮ ಕಂಪನಿ ನಾಟಕದ್ದು? ಪರದೆ ಬಿತ್ತು, ಮುಗಿಯಿತು. 1958ರಲ್ಲಿ ಆರ್. ನಾಗರತ್ನಮ್ಮನವರು ಬರೀ ಹೆಂಗಸರದೇ ನಾಟಕ ಮಂಡಳಿ ಕಟ್ಟಿದರು. ಸ್ವತಃ ಕಂಸ, ರಾವಣ, ದುರ್ಯೋಧನ ಮಾಡಿದರು. ಪದ್ಮಶ್ರೀ ಬಂದದ್ದು 2012ರಲ್ಲಿ. ಅದೇ ವರ್ಷ ತೀರಿಕೊಂಡರು. ಥೇಟ್ ವೀರಣ್ಣನವರ ಹಾಗೆಯೇ. ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ ಬಂದದ್ದೂ 2012ರಲ್ಲೇ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ. ಇದು ಮುಂದೆ ನಿಂತು ವೇಷ ಕಟ್ಟಿದವರ ಮಾತು. ಹಿಂದೆ ಕೂತು ಹಾರ್ಮೋನಿಯಂ ಒತ್ತಿದವನ ಗತಿ?

ಮಾವನ ಕವರಿನಲ್ಲಿ ಏನಿತ್ತು?

ಬಡ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ಅದಕ್ಕೆ ಅರ್ಜಿ ಹಾಕೋಕೆ ಮಾವ ಅವತ್ತು ಬೆಟ್ಟದಿಂದ ಇಳಿದು ಬಂದಿದ್ದರು. ಒಂದು ಕಚೇರಿಗೆ ನಾನೇ ಜತೆಗೆ ಹೋಗಿದ್ದೆ. ಗುಮಾಸ್ತರು ಒಳ್ಳೆಯವರೇ. ಕುರ್ಚಿ ಕೊಟ್ಟರು. ಆಮೇಲೆ ಕೇಳಿದರು:

"ಯಜಮಾನ್ರೇ, ನೀವು ಕಲಾವಿದರು ಅನ್ನೋದಕ್ಕೆ ದಾಖಲೆ ಏನಿದೆ? ಪ್ರಶಸ್ತಿ ಪತ್ರ? ಪೇಪರ್ ಕಟಿಂಗ್? ಫೋಟೋ?"

ಮಾವ ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದರು: "ವನ್ಸ್ ಮೋರ್ ಬಂದಿತ್ತು ಸಾರ್. ಬೀರೂರು ಕ್ಯಾಂಪಿನಲ್ಲಿ ಒಂದೇ ಹಾಡಿಗೆ ನಾಲ್ಕು ಸಲ."

ಗುಮಾಸ್ತರು ನಗಲಿಲ್ಲ. ಆದರೆ ವನ್ಸ್ ಮೋರ್‌ಗೆ ಸೀಲು ಎಲ್ಲಿಂದ ತರೋದು?

ಪದಕ ಇದ್ದವು, ಎರಡು. ಬೆಳ್ಳಿಯವು. ಒಂದರ ಮೇಲೆ ಮಾವನ ಹೆಸರು, ಊರು, ಇಸವಿ ಎಲ್ಲ ಕೆತ್ತಿಸಿ ಕೊಟ್ಟಿದ್ದರಂತೆ. ಅವು ಈಗ ಎಲ್ಲಿ ಅಂತ ನಾನು ಹೊರಗೆ ಬಂದ ಮೇಲೆ ಕೇಳಿದೆ. ಮಾವ ಹೇಳಲಿಲ್ಲ. ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅಮ್ಮ ಮಾತಾಡದೆ ಕಾಲು ತೋರಿಸಿದಳು. ಅವಳ ಮದುವೆಯಲ್ಲಿ ಕಾಲುಂಗುರಕ್ಕೆ ಬೆಳ್ಳಿ ಇರಲಿಲ್ಲವಂತೆ. ಅಣ್ಣ ಎರಡೂ ಪದಕ ಕರಗಿಸಿಕೊಟ್ಟನಂತೆ.

'ಜನರ ಚಪ್ಪಾಳೆಯೇ ದೊಡ್ಡ ಪ್ರಶಸ್ತಿ' ಅಂತ ವೇದಿಕೆ ಮೇಲೆ ನಿಂತು ಭಾಷಣ ಮಾಡೋರನ್ನು ನಾವೆಲ್ಲ ನೋಡಿದ್ದೇವೆ. ನಾನೂ ಈ ಪುಟಗಳಲ್ಲಿ ಬರೆದಿದ್ದೇನೆ. ಇನ್ನು ಬರೆಯೋಲ್ಲ. ಹೊಟ್ಟೆ ತುಂಬಿದವರಿಗೆ ಆ ಮಾತು ಚೆಂದ. ಪ್ರಶಸ್ತಿ ಅಂದರೆ ಬರೀ ಹಾರ-ತುರಾಯಿ ಅಲ್ಲ. ಅದೊಂದು ಕಾಗದ. ಈ ಮನುಷ್ಯ ಇದ್ದ, ಈ ಕೆಲಸ ಮಾಡಿದ ಅಂತ ಹೇಳುವ ಕಾಗದ. ರಾಜನ್-ನಾಗೇಂದ್ರರಿಗೆ ಆ ಕಾಗದ ಸಿಗದಿದ್ದರೂ ಹಾಡು ಸಾಕ್ಷಿ ಹೇಳುತ್ತದೆ. ನಮ್ಮ ಮಾವನಿಗೆ ಯಾರು ಹೇಳಬೇಕು?

ನಮ್ಮ ಮೂಡಿಗೆರೆಯಲ್ಲಿದ್ದುಕೊಂಡು ಪೂರ್ಣಚಂದ್ರ ತೇಜಸ್ವಿಯವರು 'ತಬರನ ಕಥೆ' ಬರೆದರು. ಪೆನ್ಷನ್‌ಗಾಗಿ ಕಚೇರಿ ಕಚೇರಿ ಅಲೆಯುವ ಮುದುಕನ ಕಥೆ. ಗಿರೀಶ್ ಕಾಸರವಳ್ಳಿ ಚಿತ್ರ ಮಾಡಿದರು. 1986ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ತಬರನಾದ ಚಾರುಹಾಸನ್ ಅವರಿಗೆ ಸಿಕ್ಕಿತು. ತಬರನ ಪಾತ್ರಕ್ಕೆ ಪ್ರಶಸ್ತಿ ಬಂತು. ತಬರನಿಗೆ ಹೊತ್ತಿಗೆ ಸರಿಯಾಗಿ ಪೆನ್ಷನ್ ಬರಲಿಲ್ಲ!

ಟ್ರಂಕಿನ ತಳ

ಕೊನೆಗೆ ಕಾಗದ ಸಿಕ್ಕಿತು. ಸಿಕ್ಕಿದ್ದು ಎಲ್ಲಿ ಅಂತೀರಿ? ಅಮ್ಮನ ಮದುವೆಯ ಟ್ರಂಕಿನಲ್ಲಿ. ತುಕ್ಕು ಹಿಡಿಯಬಾರದು ಅಂತ ತಳಕ್ಕೆ ಹಾಸಿದ ಕಾಗದದ ನಡುವೆ ಒಂದು ಗುಲಾಬಿ ಬಣ್ಣದ ಕರಪತ್ರ. ನಾಟಕದ ಹೆಸರು ದಪ್ಪಕ್ಷರದಲ್ಲಿ, ರಾಜಾಪಾರ್ಟಿನವರ ಹೆಸರು ಅದಕ್ಕಿಂತ ಸ್ವಲ್ಪ ಸಣ್ಣಕ್ಕೆ, ಬಫೂನಿನ ಹೆಸರು, ಸ್ತ್ರೀಪಾರ್ಟು... ಎಲ್ಲಕ್ಕಿಂತ ಕೆಳಗೆ, ಟಿಕೆಟ್ ದರದ ಮೇಲುಗಡೆ, 'ಹಾರ್ಮೋನಿಯಂ' ಅಂತ ಇತ್ತು. ಮುಂದೆ ಮಾವನ ಹೆಸರು. ಕೊನೆಯ ಎರಡು ಅಕ್ಷರ ಹುಳ ತಿಂದಿತ್ತು.

ಅದರ ಜೆರಾಕ್ಸ್ ಅರ್ಜಿಗೆ ಲಗತ್ತಿಸಿದ್ದೇವೆ. ಆ ಕಾಲದ ಸ್ತ್ರೀಪಾರ್ಟಿನ ಹಿರಿಯರೊಬ್ಬರು ತರೀಕೆರೆಯಲ್ಲಿ ಸಿಕ್ಕಿದರು. ಅವರೂ ಒಂದು ಪತ್ರ ಬರೆದುಕೊಟ್ಟಿದ್ದಾರೆ. ಅರ್ಜಿ ಈಗ ಕಚೇರಿಯಲ್ಲಿದೆ. ಏನಾಗುತ್ತದೋ ನೋಡಬೇಕು.

ಮಿತ್ರರೇ, ನೀವು ನೆಚ್ಚಿನ ನಟನ ಕಟೌಟಿಗೆ ಹಾಲು ಹೊಯ್ಯಿರಿ, ನಾನು ಬೇಡ ಅನ್ನೋಲ್ಲ. ಆದರೆ ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ, ಹಳೇ ನಾಟಕದ ಕರಪತ್ರ ಇದ್ದರೆ ಎಸೆಯಬೇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಅದರ ಕೆಳಗಡೆ ಸಾಲಿನಲ್ಲಿ ಯಾರ ಮಾವನ ಹೆಸರಿದೆಯೋ ಯಾರಿಗೆ ಗೊತ್ತು?

ಅವತ್ತು ಸಂಜೆ ಮಳೆ ಬಿಟ್ಟಿತು. ಬಸ್ಸು ಬಂತು. ಕೈಮರ ದಾಟಿದ ಮೇಲೆ ಡ್ರೈವರಣ್ಣ 'ಬಯಲು ದಾರಿ'ಯ ಹಾಡು ಹಾಕಿದ. ಮಾವ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಿಟ್ಟು, ಹಾಡು ಮುಗಿಯೋವರೆಗೂ ಮನೆ ಒತ್ತುತ್ತಾ ಕೂತಿದ್ದರು. ಹಾಡು ನಿಂತ ಕೂಡಲೇ ಹಿಂದಿನ ಸೀಟಿನಿಂದ ನಾನು ಕೂಗಿದೆ:

"ವನ್ಸ್ ಮೋರ್!"